ಗೆರೆ ಎಳೆಯುವಾಗಲೇ ಉಳಿಸಬೇಕಾದ ಮರ: ಸಣ್ಣ ಪೀಠೋಪಕರಣ ಕಾರ್ಯಾಗಾರದಲ್ಲಿ ತ್ಯಾಜ್ಯ ತಗ್ಗಿಸುವ ಬಗೆ

ಪೀಠೋಪಕರಣ ತಯಾರಿಸುವ ಕಾರ್ಯಾಗಾರದಲ್ಲಿ ತ್ಯಾಜ್ಯದ ಮಾತು ಬಂದ ಕೂಡಲೇ ಎಲ್ಲರ ಕಣ್ಣು ಯಂತ್ರದ ಬುಡದಲ್ಲಿ ಗುಡ್ಡೆಬಿದ್ದ ಹೊಟ್ಟಿನ ಕಡೆಗೆ ಹೋಗುತ್ತದೆ. ಹೊಟ್ಟನ್ನು ಯಾರಿಗೆ ಮಾರುವುದೆಂದು ಗೊತ್ತಾದರೆ ಸಮಸ್ಯೆ ಮುಗಿಯಿತು ಎಂದು ಭಾವಿಸುವ ಮಾಲೀಕರೇ ಹೆಚ್ಚು. ಆದರೆ ಪ್ಲೈವುಡ್ ಮತ್ತು ಎಂಡಿಎಫ್ (ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆ) ಬಳಸುವ ಕೆಲಸದಲ್ಲಿ ಹೊಟ್ಟು ನಷ್ಟದ ಸಣ್ಣ ಪಾಲು ಮಾತ್ರ. ದೊಡ್ಡ ಪಾಲು ಗೋಡೆಗೆ ಒರಗಿಸಿಟ್ಟ ಉಳಿಕೆ ತುಂಡುಗಳಲ್ಲಿಯೂ, ಅಳತೆ ತಪ್ಪಿ ಮತ್ತೊಮ್ಮೆ ಕತ್ತರಿಸಿದ ಬಾಗಿಲುಗಳಲ್ಲಿಯೂ, ಬಿರುಕುಬಿಟ್ಟಿತೆಂದು ಗ್ರಾಹಕರು ಹಿಂದಿರುಗಿಸಿದ ಮೇಜಿನಲ್ಲಿಯೂ ಇರುತ್ತದೆ, ಮತ್ತು ಅದರಲ್ಲಿ ಬಹುಪಾಲು ಗರಗಸ ಓಡುವುದಕ್ಕೆ ಮೊದಲೇ, ಅಳತೆ ಬರೆದುಕೊಂಡ ಕಾಗದದ ಮೇಲೆ ನಿರ್ಧಾರವಾಗಿ ಹೋಗಿರುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಮರುಬಳಕೆಯ ಮಾತು ಕೊನೆಗೆ ಬರುತ್ತದೆ. ಐದರಿಂದ ಇಪ್ಪತ್ತು ಮಂದಿ ದುಡಿಯುವ, ಶೀಟು ಮತ್ತು ದಿಮ್ಮಿ ಮರ ಎರಡನ್ನೂ ಬಳಸುವ, ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವ ಕಾರ್ಯಾಗಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ.

ಒಂದು ತಿಂಗಳು ತೂಗಿ ನೋಡಿ

ಯಾವ ಬದಲಾವಣೆಯನ್ನೂ ಮಾಡುವ ಮುನ್ನ ಒಂದು ತಿಂಗಳ ಕಾಲ ತ್ಯಾಜ್ಯವನ್ನು ಬೇರೆ ಬೇರೆ ಚೀಲಗಳಲ್ಲಿ ತುಂಬಿ ತೂಗಬೇಕು. ಶೀಟಿನ ತುಂಡು, ದಿಮ್ಮಿ ಮರದ ತುಂಡು, ತೋಪಡದ ಸುರುಳಿ ಮತ್ತು ಹೊಟ್ಟು, ಮೈಕಾದ ಅಂಚುಗಳು, ಬಣ್ಣ ಮತ್ತು ಥಿನ್ನರಿನ ಉಳಿಕೆ, ಪ್ಯಾಕಿಂಗ್ ಸಾಮಗ್ರಿ ಇವನ್ನು ಒಂದರೊಡನೊಂದು ಬೆರೆಸದೆ ಇಟ್ಟರೆ ಸಾಕು. ಇದರ ಜೊತೆಗೆ ಆ ತಿಂಗಳು ಖರೀದಿಸಿದ ಶೀಟುಗಳ ಒಟ್ಟು ಚದರ ಅಡಿಯನ್ನೂ, ಗ್ರಾಹಕರಿಗೆ ತಲುಪಿದ ವಸ್ತುಗಳಲ್ಲಿ ನಿಜವಾಗಿ ಸೇರಿದ ಚದರ ಅಡಿಯನ್ನೂ ಲೆಕ್ಕ ಹಾಕಿ, ಎರಡನೆಯದನ್ನು ಮೊದಲನೆಯದರಿಂದ ಭಾಗಿಸಬೇಕು. ಸಿಗುವ ಪ್ರತಿಶತವೇ ನಿಮ್ಮ ಕಾರ್ಯಾಗಾರದ ನಿಜವಾದ ಬಳಕೆಯ ಪ್ರಮಾಣ. ಎಲ್ಲ ಆದೇಶಗಳಿಗೂ ಕಣ್ಣಂದಾಜಿನಲ್ಲಿ ‘ಹತ್ತು ಪರ್ಸೆಂಟ್ ವೇಸ್ಟೇಜ್’ ಸೇರಿಸಿ ಬಿಲ್ಲು ಬರೆಯುವ ರೂಢಿ ಇರುವ ಕಡೆ ಈ ಸಂಖ್ಯೆ ಮೊದಲ ಬಾರಿಗೆ ಕಂಡಾಗ ಮಾಲೀಕರಿಗೆ ಸ್ವಲ್ಪ ಕಸಿವಿಸಿಯಾಗುವುದು ಸಹಜ.

ಹಿಂದಿರುಗಿ ಬಂದ ವಸ್ತುಗಳನ್ನೂ ಇದೇ ಪುಸ್ತಕದಲ್ಲಿ, ಕಾರಣದೊಂದಿಗೆ ಬರೆದಿಡಬೇಕು. ಒಂದು ಕಪಾಟು ಹಾಳಾದರೆ ಅದರ ಮರ ಮಾತ್ರವಲ್ಲ, ಅದಕ್ಕೆ ಬಳಿದ ಅಂಟು, ಬಣ್ಣ, ವ್ಯಯವಾದ ವಿದ್ಯುತ್ತು ಮತ್ತು ಸಾಗಣೆಯ ಡೀಸೆಲ್ ಎಲ್ಲವೂ ಒಟ್ಟಿಗೆ ತ್ಯಾಜ್ಯವಾಗುತ್ತವೆ.

ಎರಡು ಅಡಿಯ ಮೋಸ

ನಮ್ಮಲ್ಲಿ ದೊರೆಯುವ ಪ್ಲೈವುಡ್ ಶೀಟಿನ ಸಾಮಾನ್ಯ ಅಳತೆ 8 ಅಡಿ ಉದ್ದ, 4 ಅಡಿ ಅಗಲ, ಅಂದರೆ 2440 ಮಿ.ಮೀ. ಮತ್ತು 1220 ಮಿ.ಮೀ. ಗ್ರಾಹಕರು ‘ಕಪಾಟು ಎರಡು ಅಡಿ ಆಳ ಇರಲಿ’ ಎನ್ನುತ್ತಾರೆ. ನಾಲ್ಕು ಅಡಿಯ ಶೀಟಿನಲ್ಲಿ ಎರಡು ಅಡಿಯ ಎರಡು ಪಟ್ಟಿ ಸರಿಯಾಗಿ ಬರುತ್ತವೆ ಎಂದುಕೊಂಡು ನಾವೂ ಒಪ್ಪಿ ಬರೆದುಕೊಳ್ಳುತ್ತೇವೆ. ಆದರೆ ಎರಡು ಅಡಿ ಎಂದರೆ 610 ಮಿ.ಮೀ.; ಎರಡು ಪಟ್ಟಿಗಳಿಗೆ 1220 ಮಿ.ಮೀ. ಪೂರ್ತಿ ಬೇಕು. ನಡುವೆ ಓಡುವ ಬ್ಲೇಡು 3 ಮಿ.ಮೀ.ಗಿಂತ ಹೆಚ್ಚು ತಿನ್ನುತ್ತದೆ, ಜೊತೆಗೆ ಪೆಟ್ಟಾದ ಕಾರ್ಖಾನೆಯ ಅಂಚನ್ನು ಎರಡೂ ಬದಿಯಲ್ಲಿ ಸುಮಾರು 5 ಮಿ.ಮೀ. ಸವರಿ ತೆಗೆಯಬೇಕಾಗುತ್ತದೆ. ಹಾಗಾಗಿ ಶೀಟಿನಿಂದ ಒಂದೇ ಪಟ್ಟಿ ಬರುತ್ತದೆ, ಉಳಿದರ್ಧ ಕೆಲವೇ ಮಿಲಿಮೀಟರುಗಳ ಕೊರತೆಯಿಂದ ಆ ಕೆಲಸಕ್ಕೆ ಒದಗದೆ ಗೋಡೆ ಸೇರುತ್ತದೆ. ಅದೇ ಕಪಾಟನ್ನು 600 ಮಿ.ಮೀ. ಆಳಕ್ಕೆ ವಿನ್ಯಾಸ ಮಾಡಿದರೆ ಎರಡು ಪಟ್ಟಿ, ಒಂದು ಕೊಯ್ತ, ಎರಡೂ ಬದಿಯ ಸವರುವಿಕೆ ಸೇರಿ 1214 ಮಿ.ಮೀ.ಯಲ್ಲಿ ಮುಗಿಯುತ್ತದೆ, ಶೀಟಿನ 98 ಪ್ರತಿಶತ ಬಳಕೆಯಾಗುತ್ತದೆ. ಹತ್ತು ಮಿಲಿಮೀಟರಿನ ಈ ವ್ಯತ್ಯಾಸ ಅದರಲ್ಲಿ ಸೀರೆ ಜೋಡಿಸಿಡುವ ಯಾರ ಗಮನಕ್ಕೂ ಬರುವುದಿಲ್ಲ. ಇಂಥ ಕೆಲಸದಲ್ಲಿ ಅಡಿ-ಇಂಚು ಬಿಟ್ಟು ಮಿಲಿಮೀಟರಿನಲ್ಲಿ ಅಳೆಯುವುದೇ ಮೊದಲನೆಯ ಪರಿಸರ ಕ್ರಮ ಎಂದರೆ ಅತಿಶಯೋಕ್ತಿಯಲ್ಲ.

ಎತ್ತರದ ವಿಷಯದಲ್ಲಿಯೂ ಇದೇ ಲೆಕ್ಕ. ಏಳು ಅಡಿಯ ವಾರ್ಡ್‌ರೋಬಿನ ಪಕ್ಕೆಗಳನ್ನು ಕತ್ತರಿಸಿದ ಮೇಲೆ ಪ್ರತಿ ಪಟ್ಟಿಯ ತುದಿಯಲ್ಲಿ ಸುಮಾರು 300 ಮಿ.ಮೀ. ಉಳಿಯುತ್ತದೆ. ಇದನ್ನು ಮೊದಲೇ ಊಹಿಸಿದವರು ಅದೇ ಕಪಾಟಿನ ಡ್ರಾಯರ್ ಪಕ್ಕೆಗಳನ್ನು 145 ಮಿ.ಮೀ. ಎತ್ತರಕ್ಕೆ ಇಟ್ಟು ಎರಡೆರಡು ತುಂಡು ತೆಗೆಯಬಹುದು, ಇಲ್ಲವೇ ಬುಡದ ಪ್ಲಿಂತ್ ಪಟ್ಟಿಯನ್ನು 95 ಮಿ.ಮೀ.ಗೆ ಇಟ್ಟು ಮೂರು ಮೂರು ತೆಗೆಯಬಹುದು. ಮೊದಲೇ ಊಹಿಸದವರು ಡ್ರಾಯರಿಗಾಗಿ ಹೊಸ ಶೀಟು ತರುತ್ತಾರೆ.

ಆದ್ದರಿಂದ ಕತ್ತರಿಸುವ ಮುನ್ನ ಎಲ್ಲ ಭಾಗಗಳ ಪಟ್ಟಿಯನ್ನು ಉದ್ದ, ಅಗಲ, ದಪ್ಪ, ಸಂಖ್ಯೆ ಮತ್ತು ಮರದ ಎಳೆಯ ದಿಕ್ಕಿನೊಂದಿಗೆ ಬರೆದು, ಅದನ್ನು ಶೀಟಿನ ನಕ್ಷೆಯ ಮೇಲೆ ಕೂರಿಸಬೇಕು. ಕಟ್‌ಲಿಸ್ಟ್ ಆಪ್ಟಿಮೈಸರ್‌ನಂತಹ ತಂತ್ರಾಂಶಗಳು ಈ ಕೆಲಸವನ್ನು ಮೊಬೈಲಿನಲ್ಲಿಯೇ ಮಾಡಿಕೊಡುತ್ತವೆ. ಸ್ಕೆಚ್‌ಅಪ್ ಬಳಸುವವರಿಗೆ ಓಪನ್‌ಕಟ್‌ಲಿಸ್ಟ್ ಎಂಬ ಉಚಿತ ಜೋಡಣೆ ಇದೆ. ತಂತ್ರಾಂಶಕ್ಕೆ ಬ್ಲೇಡಿನ ದಪ್ಪವನ್ನೂ ಅಂಚು ಸವರುವ ಪ್ರಮಾಣವನ್ನೂ ತಪ್ಪದೆ ತಿಳಿಸಬೇಕು, ಇಲ್ಲದಿದ್ದರೆ ಅದು ಕಾಗದದ ಮೇಲೆ ಮಾತ್ರ ಹೊಂದುವ ನಕ್ಷೆಯನ್ನು ಕೊಡುತ್ತದೆ. ಎಳೆಯ ದಿಕ್ಕಿನ ನಿರ್ಬಂಧ ಹೊರಗೆ ಕಾಣುವ ಬಾಗಿಲು ಮತ್ತು ಪಕ್ಕೆಗಳಿಗೆ ಮಾತ್ರ ಇರಲಿ; ಉದ್ದನೆಯ ಹಲಗೆಗಳನ್ನು ಬಲದ ಕಾರಣಕ್ಕಾಗಿ ಎಳೆಯ ಉದ್ದಕ್ಕೇ ಇಟ್ಟು, ಒಳಗಿನ ಸಣ್ಣ ಭಾಗಗಳನ್ನು ಯಾವ ದಿಕ್ಕಿಗಾದರೂ ತಿರುಗಿಸಲು ಬಿಟ್ಟರೆ ಬಹಳಷ್ಟು ಜಾಗ ಉಳಿಯುತ್ತದೆ. ಸಾಧ್ಯವಾದಾಗಲೆಲ್ಲ ಒಂದೇ ಬಗೆಯ ಶೀಟು ಬೇಡುವ ಎರಡು ಮೂರು ಆದೇಶಗಳನ್ನು ಒಟ್ಟುಗೂಡಿಸಿ ಕತ್ತರಿಸಬೇಕು, ಏಕೆಂದರೆ ಒಂದು ಆದೇಶದ ಉಳಿಕೆಯೇ ಇನ್ನೊಂದು ಆದೇಶದ ಡ್ರಾಯರಿಗೆ ತಳವಾಗುತ್ತದೆ.

ತೆಳ್ಳಗಿನ ಬ್ಲೇಡು ಕೊಂಡರೆ ಎಷ್ಟು ಉಳಿದೀತು ಎಂಬ ಪ್ರಶ್ನೆ ಪದೇ ಪದೇ ಬರುತ್ತದೆ. ಲೆಕ್ಕ ಹಾಕಿ ನೋಡಿದರೆ, ಒಂದು ಶೀಟಿನಲ್ಲಿ ಒಟ್ಟು 24 ಮೀಟರ್ ಉದ್ದ ಕೊಯ್ದಾಗ 3.2 ಮಿ.ಮೀ. ಬ್ಲೇಡು ತಿನ್ನುವುದು ಶೀಟಿನ ಸುಮಾರು 2.6 ಪ್ರತಿಶತ; ತೆಳ್ಳಗಿನ ಬ್ಲೇಡು ಉಳಿಸುವುದು ಅದರಲ್ಲೂ ಒಂದು ಪಾಲನ್ನು ಮಾತ್ರ. ಬ್ಲೇಡಿನ ದಪ್ಪಕ್ಕಿಂತ ಅದರ ಹರಿತದ ಕಡೆ ಗಮನ ಕೊಡುವುದು ಲಾಭದಾಯಕ: ಮೊಂಡು ಬ್ಲೇಡು ಮೈಕಾದ ಅಂಚನ್ನು ಚೆಕ್ಕೆ ಎಬ್ಬಿಸಿದರೆ ಇಡೀ ಬಾಗಿಲನ್ನೇ ಮತ್ತೆ ಕತ್ತರಿಸಬೇಕಾಗುತ್ತದೆ.

ಉಳಿಕೆ ತುಂಡುಗಳ ಶಿಸ್ತು

ಎಷ್ಟೇ ಜಾಣತನ ತೋರಿದರೂ ತುಂಡುಗಳು ಉಳಿಯುತ್ತವೆ. ‘ಮುಂದೆ ಬೇಕಾದೀತು’ ಎಂದು ಎಲ್ಲವನ್ನೂ ಕೂಡಿಡುವುದು ನಮ್ಮ ಬಡಗಿಗಳ ಹಳೆಯ ಗುಣ. ಆದರೆ ಎಲ್ಲಿದೆಯೆಂದು ಗೊತ್ತಿಲ್ಲದ ತುಂಡು ಇಲ್ಲದಿರುವುದಕ್ಕೆ ಸಮ, ಮೇಲಾಗಿ ಅದು ಬಾಡಿಗೆ ಕೊಟ್ಟು ಪಡೆದ ಜಾಗವನ್ನು ನುಂಗುತ್ತದೆ. ಒಂದು ಕನಿಷ್ಠ ಅಳತೆಯನ್ನು ನಿಗದಿ ಮಾಡಿಕೊಳ್ಳಬೇಕು. ಶೀಟಾದರೆ 300 ಮಿ.ಮೀ. ಚೌಕ, ಪಟ್ಟಿಯಾದರೆ 75 ಮಿ.ಮೀ. ಅಗಲ ಮತ್ತು 600 ಮಿ.ಮೀ. ಉದ್ದ ಎಂಬ ಮಿತಿ ನನ್ನ ಅನುಭವದಲ್ಲಿ ಚೆನ್ನಾಗಿ ನಡೆಯುತ್ತದೆ. ಅದಕ್ಕಿಂತ ದೊಡ್ಡದಾದ ತುಂಡಿನ ಅಂಚಿನ ಮೇಲೆ ಅಳತೆ, ದಪ್ಪ, ದರ್ಜೆ ಮತ್ತು ತಾರೀಖನ್ನು ಮಾರ್ಕರಿನಿಂದ ಬರೆದು ಒಂದು ಕಪಾಟಿನಲ್ಲಿ ನಿಲ್ಲಿಸಿಡಬೇಕು. ದರ್ಜೆ ಬರೆಯುವುದು ಮುಖ್ಯ, ಏಕೆಂದರೆ ಐಎಸ್ 710 ಗುರುತಿನ, ನೀರನ್ನು ತಾಳುವ ಮೆರೈನ್ ಪ್ಲೈವುಡ್ಡನ್ನೂ ಐಎಸ್ 303 ಗುರುತಿನ ಸಾಮಾನ್ಯ ಪ್ಲೈವುಡ್ಡನ್ನೂ ತುಂಡಾದ ಮೇಲೆ ಕಣ್ಣಿನಿಂದ ಗುರುತಿಸುವುದು ಕಷ್ಟ, ಮತ್ತು ಸಾಮಾನ್ಯ ಪ್ಲೈವುಡ್ಡಿನ ತುಂಡು ಅರಿವಿಲ್ಲದೆ ಸಿಂಕಿನ ಕೆಳಗೆ ಸೇರಿದರೆ ಅದು ಬೇಗನೆ ಕಸವಾಗುತ್ತದೆ. ಹೊಸ ಶೀಟನ್ನು ಇಳಿಸುವ ಮುನ್ನ ಈ ಕಪಾಟನ್ನು ನೋಡುವುದು ಕಡ್ಡಾಯವಾಗಿರಲಿ. ಮೂರು ತಿಂಗಳಲ್ಲಿ ಯಾರೂ ಮುಟ್ಟದ ತುಂಡನ್ನು ಹೊರಗೆ ಕಳುಹಿಸಬೇಕು: ಗೂಡು, ಸ್ಟೂಲು, ಪೆಟ್ಟಿಗೆ ಮಾಡುವ ಸಣ್ಣ ಕುಶಲಕರ್ಮಿಗಳು ಇವನ್ನು ತೂಕದ ಲೆಕ್ಕದಲ್ಲಿ ಸಂತೋಷದಿಂದ ಕೊಳ್ಳುತ್ತಾರೆ.

ದಿಮ್ಮಿ ಮರ ಮತ್ತು ತೇವಾಂಶ

ದಿಮ್ಮಿ ಮರದ ಸ್ವಭಾವವೇ ಬೇರೆ. ಸಾಮಿಲ್ಲಿನಲ್ಲಿ ದಿಮ್ಮಿಯೊಂದನ್ನು ಸೀಳಿದಾಗ ಅದರ ಹೆಚ್ಚುಕಡಿಮೆ ಅರ್ಧ ಭಾಗ ಮಾತ್ರ ಬಳಸಬಹುದಾದ ಹಲಗೆಯಾಗಿ ಬರುತ್ತದೆ, ಉಳಿದದ್ದು ಹೊರ ಸೀಳು, ಹೊಟ್ಟು ಮತ್ತು ಬಿಳಿಮರವಾಗಿ (ತೊಗಟೆಯ ಒಳಗಿನ ಮೆದು ಮರ) ಹೋಗುತ್ತದೆ. ಸುತ್ತಳತೆಯ ಕಾಲು ಭಾಗವನ್ನು ವರ್ಗ ಮಾಡಿ ಉದ್ದದಿಂದ ಗುಣಿಸುವ ಹಳೆಯ ಹಾಪಸ್ ಲೆಕ್ಕ ದುಂಡು ದಿಮ್ಮಿಯ ನಿಜವಾದ ಗಾತ್ರದ ಸುಮಾರು 78.5 ಪ್ರತಿಶತವನ್ನು ಮಾತ್ರ ತೋರಿಸುತ್ತದೆ, ಅಂದರೆ ಸೀಳುವಾಗಿನ ನಷ್ಟದ ಒಂದು ಭಾಗವನ್ನು ವ್ಯಾಪಾರದ ಲೆಕ್ಕವೇ ಮೊದಲೇ ಬಿಟ್ಟುಕೊಟ್ಟಿರುತ್ತದೆ. ಹಲಗೆಯ ಲೆಕ್ಕ ಹಾಕುವಾಗ ಯಾವ ಅಳತೆಯ ಮೇಲೆ ಪ್ರತಿಶತ ತೆಗೆಯುತ್ತಿದ್ದೇವೆ ಎಂಬುದು ಸ್ಪಷ್ಟವಿಲ್ಲದಿದ್ದರೆ ನಮ್ಮ ಸಂಖ್ಯೆಗಳು ನಮ್ಮನ್ನೇ ದಾರಿ ತಪ್ಪಿಸುತ್ತವೆ. ಸೀಳಿಸುವಾಗ ಬೇಕಾದ ಭಾಗಗಳ ಪಟ್ಟಿಯನ್ನು ಜೊತೆಗೆ ಒಯ್ದು, ದಪ್ಪವನ್ನು ಅದಕ್ಕೆ ತಕ್ಕಂತೆ ಹೇಳುವುದು ಒಳ್ಳೆಯದು, 25 ಮಿ.ಮೀ. ಸಾಕಾಗುವ ಕಡೆ 38 ಮಿ.ಮೀ. ಹಲಗೆ ತಂದು ತೋಪಡ ಹೊಡೆದು ತೆಗೆದರೆ ಮೂರನೆಯ ಒಂದು ಭಾಗ ಸುರುಳಿಯಾಗಿ ನೆಲಕ್ಕೆ ಬೀಳುತ್ತದೆ.

ಸೀಳಿದ ಹಲಗೆಯನ್ನು ಹಾಳುಮಾಡುವುದು ಒಣಗಿಸುವಿಕೆಯಲ್ಲಿನ ಅಸಡ್ಡೆ. ಹಲಗೆಯ ತುದಿಯಿಂದ ತೇವಾಂಶ ಮೈಯಿಂದ ಹೋಗುವುದಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ಆರಿಹೋಗುವುದರಿಂದ ಮೊದಲು ಸೀಳು ಬಿಡುವುದು ತುದಿಗಳೇ. ಹಸಿ ಇರುವಾಗಲೇ ಎರಡೂ ತುದಿಗಳಿಗೆ ಮೇಣ ಅಥವಾ ದಪ್ಪನೆಯ ಹಳೆಯ ಬಣ್ಣ ಬಳಿದರೆ ಪ್ರತಿ ತುದಿಯಲ್ಲಿ ಕತ್ತರಿಸಿ ಎಸೆಯಬೇಕಾಗುವ ಕೆಲವು ಇಂಚುಗಳು ಉಳಿಯುತ್ತವೆ. ಹಲಗೆಗಳ ನಡುವೆ ಒಂದೇ ದಪ್ಪದ ಒಣ ರೀಪುಗಳನ್ನು ಸುಮಾರು 45 ಸೆಂ.ಮೀ. ಅಂತರದಲ್ಲಿ ಇಟ್ಟು, ಮೇಲಿನ ಸಾಲಿನ ರೀಪು ಕೆಳಗಿನ ಸಾಲಿನ ರೀಪಿನ ನೇರಕ್ಕೇ ಬರುವಂತೆ ಪೇರಿಸಬೇಕು, ಇಲ್ಲದಿದ್ದರೆ ಹಲಗೆ ಅಲೆಯಾಗಿ ಬಾಗುತ್ತದೆ. ಪೇರಿ ನೆಲದಿಂದ ಒಂದೂವರೆ ಅಡಿಯಷ್ಟು ಮೇಲಿರಲಿ, ಬಿಸಿಲು ಮತ್ತು ಮಳೆ ತಾಗದಿರಲಿ, ಗಾಳಿ ಮಾತ್ರ ಧಾರಾಳವಾಗಿ ಆಡಲಿ.

ತೇವಾಂಶವನ್ನು ಊಹಿಸದೆ ಅಳೆಯಬೇಕು. ಮೀಟರ್ ಇಲ್ಲದವರು ಹಲಗೆಯ ನಡುಭಾಗದಿಂದ ತೆಗೆದ ಸಣ್ಣ ತುಂಡನ್ನು ತೂಗಿ, 103 ಡಿಗ್ರಿ ಸೆಲ್ಸಿಯಸ್‌ನ ಓವನ್ನಿನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ಕಳೆದುಹೋದ ತೂಕವನ್ನು ಒಣ ತೂಕದಿಂದ ಭಾಗಿಸಬಹುದು. 56 ಗ್ರಾಂ ಇದ್ದ ತುಂಡು 50 ಗ್ರಾಂಗೆ ಇಳಿದರೆ ತೇವಾಂಶ 12 ಪ್ರತಿಶತ. ದೇಶದ ಬೇರೆ ಬೇರೆ ಹವಾಮಾನ ವಲಯಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ತೇವಾಂಶ ಇರಬಹುದೆಂಬುದನ್ನು ಭಾರತೀಯ ಮಾನಕ ಬ್ಯೂರೊದ ಐಎಸ್ 287 ಹೇಳುತ್ತದೆ, ಮತ್ತು ಕರ್ನಾಟಕದಂತಹ ರಾಜ್ಯದಲ್ಲಿ ಈ ವ್ಯತ್ಯಾಸ ಕಾಗದದ ಮಾತಲ್ಲ. ಉಡುಪಿಯ ಮಳೆಗಾಲದಲ್ಲಿ 18 ಪ್ರತಿಶತ ತೇವಾಂಶವಿದ್ದ ತೇಗದ ಹಲಗೆಯಿಂದ ಮಾಡಿದ ಮೇಜು ಕಲಬುರಗಿಯ ಬೇಸಿಗೆಯಲ್ಲಿ 10 ಪ್ರತಿಶತಕ್ಕೆ ಇಳಿದರೆ, 300 ಮಿ.ಮೀ. ಅಗಲದ ಒಂದು ಹಲಗೆಯೇ 4ರಿಂದ 5 ಮಿ.ಮೀ. ಕುಗ್ಗಬಲ್ಲದು. ಮೇಲ್ಹಲಗೆಯನ್ನು ಚೌಕಟ್ಟಿಗೆ ಬಿಗಿಯಾಗಿ ಸ್ಕ್ರೂ ಹಾಕಿ ಕಟ್ಟಿಹಾಕಿದ್ದರೆ ಅದು ಸೀಳದೆ ಬೇರೆ ದಾರಿಯಿಲ್ಲ. ಸ್ಕ್ರೂ ತೂತನ್ನು ಅಡ್ಡಕ್ಕೆ ಉದ್ದ ಮಾಡಿಯೋ, ಜಾರಬಲ್ಲ ಕೊಂಡಿಗಳನ್ನು ಬಳಸಿಯೋ ಮರಕ್ಕೆ ಅಲುಗಾಡಲು ಅವಕಾಶ ಕೊಟ್ಟರೆ ಇಡೀ ಮೇಜು ಉಳಿಯುತ್ತದೆ. ತೇಗದಂತಹ ಸ್ಥಿರವಾದ ಮರದಲ್ಲೇ ಇಷ್ಟು ಚಲನೆ ಇರುವಾಗ ಬೇರೆ ಮರಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು.

ಯಾವ ಮರ ಎಂಬ ಪ್ರಶ್ನೆಗೂ ಹತ್ತಿರದಲ್ಲೇ ಉತ್ತರಗಳಿವೆ. ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳಲ್ಲಿ ಹಾಲು ಬತ್ತಿದ ಮರಗಳನ್ನು ಹೇಗಿದ್ದರೂ ಕಡಿದು ಹೊಸ ಗಿಡ ನೆಡುತ್ತಾರೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಸಿಗುತ್ತದೆ. ಮಲೆನಾಡು ಮತ್ತು ಕರಾವಳಿಯಲ್ಲಿ ನೆಡುತೋಪಿನ ಅಕೇಶಿಯಾ ಇದೆ. ರಬ್ಬರ್ ಮರವನ್ನು ಕಡಿದ ಕೆಲವೇ ದಿನಗಳಲ್ಲಿ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಿಂದ ಸಂಸ್ಕರಿಸದಿದ್ದರೆ ನೀಲಿ ಶಿಲೀಂಧ್ರವೂ ಪುಡಿಹುಳುವೂ ಹತ್ತುತ್ತವೆ, ಆದ್ದರಿಂದ ಸಂಸ್ಕರಿಸಿ ಒಣಗಿಸಿದ್ದನ್ನೇ ಕೊಳ್ಳಬೇಕು. ಹಳೆಯ ಮನೆಗಳ ತೊಲೆ, ಜಂತಿ, ಬಾಗಿಲುಗಳ ತೇಗ ಮತ್ತು ಹಲಸು ಇನ್ನೂ ಉತ್ತಮ, ದಶಕಗಳಿಂದ ಒಣಗಿ ನಿಂತ ಮರವದು. ಅವನ್ನು ಸೀಳುವ ಮುನ್ನ ಲೋಹಶೋಧಕದಿಂದ ಮೊಳೆಗಳನ್ನು ಹುಡುಕಿ ತೆಗೆಯಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸವನ್ನು 90 ಪಿಪಿಎಂಗೆ (ಹತ್ತು ಲಕ್ಷದಲ್ಲಿ 90 ಭಾಗಕ್ಕೆ) ಮಿತಿಗೊಳಿಸಿದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಬಾಗಿಲನ್ನು ಒಣ ಮರಳು ಕಾಗದದಿಂದ ಉಜ್ಜಬಾರದು, ಒದ್ದೆ ಮಾಡಿ ಕೆರೆಯಬೇಕು.

ಬಿಚ್ಚಿ ಮತ್ತೆ ಕಟ್ಟುವಂತಿರಲಿ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಬದಲಿಸುವ ಕುಟುಂಬಗಳ ಕಪಾಟುಗಳು ಎರಡನೆಯ ಸಾಗಣೆಯಲ್ಲಿ ಕಾಲು ಮುರಿದುಕೊಳ್ಳುವುದನ್ನು ನೋಡದವರಿಲ್ಲ. ಪಾರ್ಟಿಕಲ್ ಬೋರ್ಡಿಗೆ ನೇರವಾಗಿ ಹಾಕಿದ ಸ್ಕ್ರೂವನ್ನು ಒಮ್ಮೆ ತೆಗೆದು ಹಾಕಿದರೆ ಹಿಡಿತ ಸಡಿಲವಾಗುತ್ತದೆ. ಜೋಡಣೆಗಳಿಗೆ ಮಿನಿಫಿಕ್ಸ್ (ತಿರುಗಿಸಿ ಬಿಗಿಯುವ, ಮತ್ತೆ ಬಿಚ್ಚಬಹುದಾದ ಲೋಹದ ಕೊಂಡಿ) ಅಥವಾ ಒಳಗೆ ಕೂರಿಸಿದ ನಟ್ಟು-ಬೋಲ್ಟು ಬಳಸಿದರೆ ಅದೇ ಕಪಾಟನ್ನು ಹಲವು ಬಾರಿ ಬಿಚ್ಚಿ ಕಟ್ಟಬಹುದು. 32 ಮಿ.ಮೀ. ಅಂತರದಲ್ಲಿ 5 ಮಿ.ಮೀ. ತೂತುಗಳನ್ನು ಕೊರೆಯುವ ಪದ್ಧತಿಯನ್ನು ಅನುಸರಿಸಿದರೆ ಹಲಗೆಯ ಎತ್ತರವನ್ನು ಗ್ರಾಹಕರೇ ಬದಲಿಸಿಕೊಳ್ಳಬಹುದು. ತೂತುಗಳನ್ನು ಮೇಲೆ ಕೆಳಗೆ ಸಮವಾಗಿ ಕೊರೆದಿದ್ದರೆ ಎಡ ಪಕ್ಕೆ ಬಲ ಪಕ್ಕೆ ಎಂಬ ಭೇದವೂ ಇಲ್ಲವಾಗಿ ತಪ್ಪು ಕೊರೆತದ ನಷ್ಟ ತಪ್ಪುತ್ತದೆ. ಅಡುಗೆಮನೆಯ ಕಪಾಟು ನೆಲವನ್ನು ಮುಟ್ಟದೆ 100 ಮಿ.ಮೀ. ಎತ್ತರದ ಕಾಲುಗಳ ಮೇಲೆ ನಿಲ್ಲಲಿ, ದಿನವೂ ನೆಲ ಒರೆಸುವ ನೀರು ಬುಡವನ್ನು ಉಬ್ಬಿಸುವುದಿಲ್ಲ. ಹಲಗೆಯ ಒಂದೇ ಬದಿಗೆ ಮೈಕಾ ಅಂಟಿಸಿ ಇನ್ನೊಂದು ಬದಿಯನ್ನು ಬರಿದಾಗಿ ಬಿಟ್ಟು ಉಳಿಸಿದ ಹಣ, ಬಾಗಿಲು ಬಿಲ್ಲಿನಂತೆ ಬಾಗಿದಾಗ ಎರಡರಷ್ಟಾಗಿ ಹೋಗುತ್ತದೆ.

ಬಣ್ಣ, ಅಂಟು, ಥಿನ್ನರ್

ಸಾಮಾನ್ಯ ಸ್ಪ್ರೇ ಗನ್ನಿನಲ್ಲಿ ಹೊರಬಂದ ಬಣ್ಣದ ಅರ್ಧಕ್ಕಿಂತ ಹೆಚ್ಚು ಮರಕ್ಕೆ ತಾಗದೆ ಗಾಳಿಗೆ ಹೋಗುತ್ತದೆ. ಕಡಿಮೆ ಒತ್ತಡದಲ್ಲಿ ಹೆಚ್ಚು ಗಾಳಿ ಬಳಸುವ ಎಚ್‌ವಿಎಲ್‌ಪಿ ಗನ್ನಿನಲ್ಲಿ ಸುಮಾರು 65 ಪ್ರತಿಶತ ಮರಕ್ಕೆ ಹಿಡಿಯುತ್ತದೆ. ಎರಡು ಡಬ್ಬಿಗಳ ಪಿಯು (ಪಾಲಿಯುರಿಥೇನ್) ಬಣ್ಣ ಬೆರೆಸಿದ ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗುವುದರಿಂದ ಆ ಹೊತ್ತಿಗೆ ಬೇಕಾದಷ್ಟನ್ನೇ ತೂಗಿ ಬೆರೆಸಬೇಕು. ಗನ್ನು ತೊಳೆದ ಥಿನ್ನರನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಒಂದೆರಡು ದಿನ ಅಲುಗಾಡಿಸದೆ ಇಟ್ಟರೆ ಬಣ್ಣ ತಳಕ್ಕೆ ಇಳಿಯುತ್ತದೆ, ಮೇಲಿನ ತಿಳಿಯನ್ನು ಮುಂದಿನ ಮೊದಲ ತೊಳೆತಕ್ಕೆ ಬಳಸಬಹುದು. ತಳದ ಗಸಿಯನ್ನು ಚರಂಡಿಗೆ ಸುರಿಯುವಂತಿಲ್ಲ: 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಬಣ್ಣದ ಗಸಿಯೂ ಬಳಸಿದ ದ್ರಾವಕಗಳೂ ಸೇರಿವೆ, ಅವುಗಳನ್ನು ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಕಾಲ ಕೂಡಿಡದೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಸಂಸ್ಥೆಗೆ ಒಪ್ಪಿಸಬೇಕು.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳದೆ ಬಿಡಲಾಗದು. ಅಗಸೆ ಎಣ್ಣೆ ಅಥವಾ ಅದನ್ನು ಆಧರಿಸಿದ ಪಾಲಿಶ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಹೊಟ್ಟಿನ ಚೀಲಕ್ಕೆ ಎಸೆದರೆ ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಅಂತಹ ಬಟ್ಟೆಗಳನ್ನು ಹೊರಗೆ ಒಂದೊಂದಾಗಿ ಹರಡಿ ಒಣಗಿಸಬೇಕು, ಅಥವಾ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಚ್ಚಿಡಬೇಕು.

ಹೊಟ್ಟಿಗೆ ಎರಡು ಚೀಲ

ಈಗ ಹೊಟ್ಟಿನ ವಿಷಯ. ದಿಮ್ಮಿ ಮರದ ಹೊಟ್ಟನ್ನೂ ಶೀಟಿನ ಹೊಟ್ಟನ್ನೂ ಒಂದೇ ಚೀಲಕ್ಕೆ ತುಂಬಿದ ಕ್ಷಣವೇ ಎರಡೂ ಕೆಲಸಕ್ಕೆ ಬಾರದಂತಾಗುತ್ತವೆ. ಶೀಟಿನ ಹೊಟ್ಟಿನಲ್ಲಿ ಫಾರ್ಮಾಲ್ಡಿಹೈಡ್ ಆಧಾರಿತ ಅಂಟು ಇರುತ್ತದೆ. ರಾಸಾಯನಿಕ ಸಂಸ್ಕರಣೆಗೊಂಡ ಮರದ ಹೊಟ್ಟೂ ಅದೇ ಸಾಲಿಗೆ ಸೇರಬೇಕು. ಹೊಟ್ಟು ಹೀರುವ ಯಂತ್ರಕ್ಕೆ ಎರಡು ಪ್ರತ್ಯೇಕ ಚೀಲಗಳನ್ನು ಇಟ್ಟು, ಕೆಲಸ ಬದಲಾದಾಗ ಚೀಲವನ್ನೂ ಬದಲಿಸುವುದು ಎರಡು ನಿಮಿಷದ ಕೆಲಸ. ಶುದ್ಧವಾದ ತೋಪಡದ ಸುರುಳಿ ಕೋಳಿ ಫಾರಂಗಳಿಗೂ ದನದ ಕೊಟ್ಟಿಗೆಗಳಿಗೂ ಹಾಸಾಗಿ ಹೋಗುತ್ತದೆ. ನಯವಾದ ಮರದ ಪುಡಿಗೆ ಅಗರಬತ್ತಿ ತಯಾರಕರಲ್ಲಿ ಬೇಡಿಕೆಯಿದೆ. ಒಣಗಿದ ಹೊಟ್ಟನ್ನು ಬ್ರಿಕೆಟ್ (ಒತ್ತಿ ಮಾಡಿದ ಉರುವಲು) ಘಟಕಗಳು ಕೊಳ್ಳುತ್ತವೆ. ಗೊಬ್ಬರಕ್ಕೆ ಹಾಕುವವರು ಸಗಣಿ ಅಥವಾ ಹಸಿರು ಸೊಪ್ಪನ್ನು ಧಾರಾಳವಾಗಿ ಸೇರಿಸಬೇಕು, ಏಕೆಂದರೆ ಹೊಟ್ಟಿನಲ್ಲಿ ಸಾರಜನಕಕ್ಕೆ ಹೋಲಿಸಿದರೆ ಇಂಗಾಲ ನೂರಾರು ಪಟ್ಟು ಹೆಚ್ಚಿದ್ದು, ಬರಿ ಹೊಟ್ಟು ಮಣ್ಣಿನ ಸಾರಜನಕವನ್ನೇ ಕಸಿದುಕೊಳ್ಳುತ್ತದೆ. ಮರದ ಧೂಳನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿನಲ್ಲಿ ಇರಿಸಿದೆ, ಹಾಗಾಗಿ ಚೀಲ ಬದಲಿಸುವವರ ಮುಖಕ್ಕೆ ಸರಿಯಾದ ಮಾಸ್ಕ್ ಇರಲೇಬೇಕು.

ಕೆಲಸಗಾರರು ಪ್ಲೈವುಡ್ ಮತ್ತು ಎಂಡಿಎಫ್ ಚೂರುಗಳನ್ನು ಬಚ್ಚಲ ಒಲೆಗೆ ಮನೆಗೆ ಒಯ್ಯುವುದು ಬಹುತೇಕ ಕಡೆ ರೂಢಿ, ಮಾಲೀಕರೂ ಇದನ್ನು ಉಪಕಾರವೆಂದೇ ತಿಳಿದಿರುತ್ತಾರೆ. ಆ ಚೂರುಗಳು ಉರಿಯುವಾಗ ಅಂಟಿನಿಂದಲೂ, ಮೈಕಾದಿಂದಲೂ, ಪಿವಿಸಿ ಅಂಚುಪಟ್ಟಿಯಿಂದಲೂ ಹೊರಡುವ ಹೊಗೆ ವಿಷಕಾರಿ, ಮುಚ್ಚಿದ ಬಚ್ಚಲಿನಲ್ಲಂತೂ ಇನ್ನೂ ಕೆಟ್ಟದ್ದು. ಒಲೆಗೆ ಕೊಡುವುದಾದರೆ ಸಂಸ್ಕರಣೆಯಿಲ್ಲದ ದಿಮ್ಮಿ ಮರದ ತುಂಡುಗಳನ್ನು ಮಾತ್ರ ಕೊಡಬೇಕು, ಮತ್ತು ಶೀಟಿನ ಚೂರುಗಳ ಚೀಲದ ಮೇಲೆ ‘ಸುಡಬೇಡಿ’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿಡಬೇಕು.

ಪ್ಯಾಕಿಂಗ್ ವಿಷಯ ಹೆಚ್ಚಿಲ್ಲ. ಊರೊಳಗಿನ ಸಾಗಣೆಗೆ ಥರ್ಮಾಕೋಲ್ ಮತ್ತು ಪ್ಲಾಸ್ಟಿಕ್ ಸುತ್ತುವುದರ ಬದಲು ಹಳೆಯ ಕಂಬಳಿಗಳನ್ನು ಹೊಲಿಸಿ, ಪ್ರತಿ ಬಾರಿ ವಸ್ತು ಇಳಿಸಿದ ಮೇಲೆ ಅದೇ ಗಾಡಿಯಲ್ಲಿ ಹಿಂದಕ್ಕೆ ತರಿಸಿಕೊಳ್ಳಬಹುದು. ಕಂಬಳಿಗಳಿಗೆ ಸಂಖ್ಯೆ ಹಾಕಿ ಚಾಲಕರಿಂದ ಎಣಿಸಿ ಪಡೆಯುವ ವ್ಯವಸ್ಥೆ ಇಲ್ಲದಿದ್ದರೆ ಅವು ಮೂರನೆಯ ತಿಂಗಳಿಗೆ ಕಾಣೆಯಾಗಿರುತ್ತವೆ.